ಅರವತ್ತಮೂರು ಇಂಚಿನ ಮಂಚ

ಪಕ್ಕದ ಮನೆಯ ಮೇಷ್ಟರಿಗೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಎಂಬುದು ಟೇಲರಮ್ಮನ ಖಚಿತ ಅಭಿಪ್ರಾಯ. ಮೇಷ್ಟರ ಅಭಿಪ್ರಾಯ ಬೇರೆ. ತಮ್ಮ ಕಾಲುಗಳೆರಡೂ ಹುಟ್ಟಿದಾಗಿನಿಂದ ಸರಿಸಮವಾಗಿಯೇ ಇವೆ, ಟೇಲರಮ್ಮ ಹೊಲಿದುಕೊಟ್ಟ ಪ್ಯಾಂಟಿನ ಎಡಗಾಲು ಮಾತ್ರ ಎರಡು ಬೆರಳು ಗಿಡ್ಡ ಎಂದು ಅವರು ಬೀದಿಯಲ್ಲಿ ನಿಂತು, ಅದೇ ಪ್ಯಾಂಟನ್ನು ತೊಟ್ಟುಕೊಂಡು, ನಾಲ್ಕು ಜನರಿಗೆ ತೋರಿಸಿ ಹೋದರು. (ತನ್ನ ಕಾಲನ್ನು ತಾನೇ ಅಳೆದು ನೋಡಿದವರು ಲೋಕದಲ್ಲಿ ಎಷ್ಟು ಜನ ಇದ್ದಾರೆ? ಟೇಲರಮ್ಮನಾದರೋ ನಲವತ್ತೆರಡು ವರ್ಷದಿಂದ ಪರರ ಕಾಲನ್ನು ಅಳೆಯುತ್ತಾ ಬಂದವಳು.)

ಪ್ಯಾಂಟಿನ ಪ್ರಕರಣ ಅದೇ ಸಂಜೆ ಮನೆಯ ಉಚ್ಚ ನ್ಯಾಯಾಲಯಕ್ಕೆ ಬಂತು. ನ್ಯಾಯಾಧೀಶೆ ಟೇಲರಮ್ಮನ ಒಬ್ಬಳೇ ಮಗಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಮುದ್ರೆ ಒತ್ತಿ ಒತ್ತಿ ಅವಳಿಗೆ ಮನೆಯಲ್ಲಿಯೂ ಮಾತನಾಡುವುದಕ್ಕಿಂತ ಮುದ್ರೆ ಒತ್ತುವುದೇ ರೂಢಿಯಾಗಿತ್ತು.

"ಅಮ್ಮ, ನಿನಗೆ ಎಪ್ಪತ್ತೆರಡು ವರ್ಷ. ಕಣ್ಣು ಕಾಣಲ್ಲ. ಇನ್ನು ಸಾಕು ಮಾಡು."

"ಕಣ್ಣು ಕಾಣದೆ ಇದ್ರೆ ನಿನ್ನ ತಲೇಲಿ ಬಂದಿರೋ ಮೂರು ಬಿಳಿ ಕೂದಲು ನನಗೆ ಹೇಗೆ ಕಾಣ್ತು?"

"ಎರಡು."

"ಮೂರು. ಬಲಗಿವಿ ಹಿಂದೆ ಒಂದಿದೆ."

ಈ ಉತ್ತರದಿಂದ ಆರೋಪಿಯ ಪಕ್ಷಕ್ಕೆ ಒಳ್ಳೆಯದೇನೂ ಆಗಲಿಲ್ಲ. ನ್ಯಾಯಾಧೀಶೆ ಒಳಗೆ ಹೋಗಿ ಕನ್ನಡಿ ನೋಡಿ ಬಂದು ತೀರ್ಪು ಹೇಳಿದಳು: ಹೊಲಿಗೆ ಮಿಷನ್ನು ಅಟ್ಟ ಹತ್ತತಕ್ಕದ್ದು.

ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿದ್ದ ಆ ಮಿಷನ್ನು ಅರ್ಧ ಕೋಣೆಯನ್ನು ನುಂಗಿದ್ದು ನಿಜ. ಬಂದವರೆಲ್ಲ ಅದರ ಕಾಲಿಗೆ ಕಾಲು ತಾಗಿಸಿಕೊಳ್ಳುತ್ತಿದ್ದದ್ದೂ ನಿಜ. ಆದರೆ ಗಂಡ ತೀರಿಹೋದ ಮೇಲೆ ಆ ಮನೆಗೆ ಯಜಮಾನ ಅಂತ ಯಾರಾದರೂ ಇದ್ದರೆ ಅದು ಆ ಮಿಷನ್ನೇ. ಮಗಳ ಶಾಲೆ, ಮಗಳ ಕಾಲೇಜು, ಮಗಳ ಮದುವೆ, ಎಲ್ಲವೂ ಅದರ ಸೂಜಿಯ ಕಣ್ಣಿನಿಂದಲೇ ನುಸುಳಿ ಬಂದದ್ದು. ಟೇಲರಮ್ಮ ಬೆಳಿಗ್ಗೆ ಎದ್ದು ಮುಖ ತೊಳೆದು ಅದರ ಮುಂದೆ ಕೂತರೆ ಅವಳಿಗೆ ತಾನು ಯಾರು ಎಂದು ಗೊತ್ತಾಗುತ್ತಿತ್ತು. ಇನ್ನು ಅಟ್ಟವೋ, ಹಾಳು ಬಕೀಟು, ಮುರಿದ ಫ್ಯಾನು, ಹಳೆಯ ತೊಟ್ಟಿಲುಗಳ ಸಾಮ್ರಾಜ್ಯ. ಅಟ್ಟಕ್ಕೆ ಹತ್ತಿದ ಸಾಮಾನು ಇಳಿದು ಬಂದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಟೇಲರಮ್ಮನ ಮಂಡಿಗೆ ಏಣಿ ಹತ್ತುವ ಶಕ್ತಿಯೂ ಇರಲಿಲ್ಲ.

ಅಷ್ಟರಲ್ಲಿ ಅಳಿಯ ಬಂದ. ಅವನದು ಮನೆ ಮಾರುವ ಕಂಪನಿಯಲ್ಲಿ ಮನೆ ತೋರಿಸುವ ಕೆಲಸ. ತಾನು ಎರಡು ಕೋಣೆಯ ಮನೆಯಲ್ಲಿದ್ದುಕೊಂಡು, ಬೆಳಗಿನಿಂದ ಸಂಜೆಯವರೆಗೆ ಹದಿನಾಲ್ಕು ಕೋಣೆಯ ಮನೆಗಳ ಬಾಗಿಲು ತೆಗೆದು 'ದಯಮಾಡಿಸಿ' ಎನ್ನುವುದು. ಸ್ವಭಾವ ಒಳ್ಳೆಯದು. ಮಾತು ಕಡಿಮೆ. ಹೆಂಡತಿಯ ಎದುರಿಗೆ ಇನ್ನೂ ಕಡಿಮೆ. ಅಂದು ಮಾತ್ರ ಬಂದವನೇ ಚೀಲ ಬಿಸಾಕಿ ತಲೆಯ ಮೇಲೆ ಕೈ ಹೊತ್ತು ಕೂತ.

"ಕರ್ಟನ್ನಿನವನು ಓಡಿಹೋದ."

"ಯಾರ ಜೊತೆ?" ಎಂದಳು ಟೇಲರಮ್ಮ.

"ಯಾರ ಜೊತೇನೂ ಅಲ್ಲ ಅತ್ತೆ. ಮನೆ ಅಲಂಕಾರ ಮಾಡ್ಸೋ ಮೇಡಂ ಜೊತೆ ಜಗಳ ಆಡಿ, ಬಟ್ಟೆ ಎಲ್ಲ ಅಲ್ಲೇ ಎಸೆದು, ಅಳತೆ ಪುಸ್ತಕ ತಗೊಂಡು ಹೋಗ್ಬಿಟ್ಟ. ಮುಂದಿನ ಭಾನುವಾರ ಮಾದರಿ ಮನೆ ತೆರೀಬೇಕು. ಕಿಟಕಿಗೆ ಪರದೆ ಇಲ್ಲ, ಹಾಸಿಗೆಗೆ ಹೊದಿಕೆ ಇಲ್ಲ, ದಿಂಬುಗಳೆಲ್ಲ ಬೆತ್ತಲೆ ಕೂತಿವೆ. ನಮ್ಮ ಯಜಮಾನ್ರು ನನ್ನನ್ನ ನುಂಗೋ ಹಾಗೆ ನೋಡ್ತಾರೆ."

ಟೇಲರಮ್ಮನ ತಲೆಯಲ್ಲಿ ದೀಪ ಹತ್ತಿತು. ಅವಳ ಜೀವನದ ಬಹುಪಾಲು ಕಷ್ಟಗಳು ಹೀಗೆ ತಲೆಯಲ್ಲಿ ದೀಪ ಹತ್ತಿದಾಗಲೇ ಶುರುವಾದದ್ದು. ಆದರೆ ಹತ್ತುವಾಗ ಅದು ಚೆನ್ನಾಗಿಯೇ ಹತ್ತುತ್ತದೆ.

"ನಾನಿದ್ದೀನಲ್ಲ ಅಳಿಯಂದ್ರೇ."

ಅಳಿಯ ಹೆಂಡತಿಯ ಮುಖ ನೋಡಿದ. ಹೆಂಡತಿ ಗೋಡೆ ನೋಡಿದಳು.

"ಅತ್ತೆ, ಅದು ನಮ್ಮಂಥ ಮನೆ ಅಲ್ಲ. ಅಲ್ಲಿ ಚಪ್ಪಲಿ ಇಡೋಕೇ ಒಂದು ರೂಮಿದೆ."

"ಚಪ್ಪಲಿಗೂ ದಿಂಬು ಬೇಕಾ?"

"ಬೇಡ."

"ಹಾಗಾದ್ರೆ ಒಂದು ರೂಮಿನ ಕೆಲಸ ಕಡಿಮೆ ಆಯ್ತು ಬಿಡಿ."

ಮಗಳು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಗಂಡನ ಬಾಡಿದ ಮುಖ ನೋಡಿ ಮನಸ್ಸು ಕರಗಿತೋ, ಇಲ್ಲ ತಾಯಿಯನ್ನು ಒಂದೇ ಏಟಿಗೆ ಸೋಲಿಸಲು ಇದೇ ಸಮಯ ಅನ್ನಿಸಿತೋ, ಮುದ್ರೆ ಒತ್ತಿಯೇಬಿಟ್ಟಳು.

"ಸರಿ. ಇದೊಂದು ಸರಿಯಾಗಿ ಮಾಡಿಕೊಡು, ಮಿಷನ್ನು ಇದ್ದಲ್ಲೇ ಇರಲಿ, ನಾನು ಮತ್ತೆ ಬಾಯಿ ತೆಗೆಯಲ್ಲ. ಒಂದು ಇಂಚು ಹೆಚ್ಚುಕಮ್ಮಿ ಆಯ್ತೋ, ಅಟ್ಟ."

"ಒಂದು ಇಂಚಾ? ನಾನು ಒಂದು ನೂಲು ತಪ್ಪಲ್ಲ ಕಣೇ."

ಈ ಮಾತನ್ನು ಆಡದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. ಅನ್ನಿಸುವುದು ಯಾವಾಗಲೂ ಆಮೇಲೆಯೇ.

ಮಾರನೆಯ ದಿನ ಅಳಿಯನ ಸ್ಕೂಟರಿನ ಹಿಂದೆ ಕೂತು ಅವಳು ಆ ಬಡಾವಣೆಗೆ ಹೋದಳು. ಕೊರಳಲ್ಲಿ ಟೇಪು, ಕೈಚೀಲದಲ್ಲಿ ಸೀಮೆಸುಣ್ಣ, ಗುಂಡುಸೂಜಿ, ಅಳತೆ ಬರೆಯುವ ಪುಸ್ತಕ. ಬೀದಿ ಎಷ್ಟು ಅಗಲವೆಂದರೆ ಈ ಕಡೆಯವರು ಆ ಕಡೆಯವರಿಗೆ ಕೂಗಿ ಮಾತಾಡಿಸಿದರೆ ಉತ್ತರ ಬರುವಷ್ಟರಲ್ಲಿ ಕೇಳಿದ್ದೇ ಮರೆತುಹೋಗಬೇಕು. ಆದರೆ ಕೂಗುವವರೇ ಇರಲಿಲ್ಲ. ಎರಡೂ ಕಡೆ ಆಳೆತ್ತರದ ಗೋಡೆ, ಗೋಡೆಯ ಮೇಲೆ ಮರಗಳ ತಲೆ, ಒಂದೊಂದು ಗೇಟಿನಲ್ಲೂ ಒಂದೊಂದು ಕ್ಯಾಮೆರಾ. ಸ್ಕೂಟರು ಹೋದಂತೆಲ್ಲ ಅವು ಕತ್ತು ಹೊರಳಿಸಿ ನೋಡುತ್ತಿದ್ದವು. ಇಷ್ಟು ಗಮನ ಕೊಟ್ಟು ತನ್ನನ್ನು ಯಾರಾದರೂ ನೋಡಿ ಬಹಳ ವರ್ಷವಾಯಿತು ಎಂದುಕೊಂಡು ಟೇಲರಮ್ಮ ತಲೆಗೂದಲನ್ನು ಸರಿಮಾಡಿಕೊಂಡಳು.

ಗೇಟಿನಿಂದ ಮನೆಯ ಬಾಗಿಲಿಗೆ ನೂರ ಹನ್ನೆರಡು ಹೆಜ್ಜೆ. (ಅವಳು ಎಣಿಸಿದಳು. ಎಣಿಸದೆ ನಡೆಯುವುದು ಅವಳಿಗೆ ಬರುವುದಿಲ್ಲ.) ಮನೆ ಒಳಗಿನಿಂದ ರೈಲ್ವೆ ಸ್ಟೇಷನ್ನಿನಷ್ಟು ಎತ್ತರ. ಆದರೆ ಒಳಕೋಣೆಗಳಿಗೆ ಬಾಗಿಲುಗಳೇ ಇರಲಿಲ್ಲ. ಶ್ರೀಮಂತರಿಗೆ ಮುಚ್ಚಿಟ್ಟುಕೊಳ್ಳುವಂಥದ್ದು ಏನೂ ಇರುವುದಿಲ್ಲವೇನೋ. ಕಪಾಟಿನ ತುಂಬ ಪುಸ್ತಕ. ಒಂದನ್ನು ಎಳೆದು ನೋಡಿದರೆ ಹತ್ತೂ ಒಟ್ಟಿಗೆ ಬಂದವು. ಬರೀ ಬೆನ್ನು, ಹೊಟ್ಟೆ ಇಲ್ಲ. ಬಟ್ಟಲಿನಲ್ಲಿದ್ದ ಹಣ್ಣು ಮೇಣದ್ದು. ಬಾಯಾರಿಕೆಯಾಗಿ ನಲ್ಲಿ ತಿರುಗಿಸಿದರೆ ನಲ್ಲಿ ನೀರು ಕೊಡುವುದನ್ನು ಬಿಟ್ಟು ಬೇರೆಲ್ಲ ಮಾಡಿತು, ಹೊಳೆಯಿತು, ತಿರುಗಿತು, ತಣ್ಣಗಿತ್ತು.

"ಇದು ತೋರಿಸೋಕೆ ಮಾತ್ರ ಅತ್ತೆ," ಎಂದ ಅಳಿಯ, ತನ್ನ ನೀರಿನ ಬಾಟಲಿ ಕೊಟ್ಟು. "ಏನನ್ನೂ ಮುಟ್ಟಬೇಡಿ. ಅಳತೆ ಮಾತ್ರ ತಗೊಳ್ಳಿ. ನಿಮ್ಮ ಟೇಪು ಏನು ಹೇಳತ್ತೋ ಅಷ್ಟನ್ನೇ ಬರ್ಕೊಳ್ಳಿ. ಅದಕ್ಕಿಂತ ಹೆಚ್ಚಿಗೆ ನನ್ನ ಹತ್ರ ಏನೂ ಕೇಳಬೇಡಿ." ಇಷ್ಟು ಹೇಳಿ ಬೇಗ ಬೇಗ ಹೊರಗೆ ಹೋದ. ಆ ಬೇಗ ಬೇಗ ಹೋಗುವುದನ್ನು ಅವಳು ಗಮನಿಸಬೇಕಿತ್ತು.

ಮೊದಲು ಕಿಟಕಿಗಳು. ಒಂಬತ್ತು ಅಡಿ ಎತ್ತರ, ಆರು ಅಡಿ ಅಗಲ. ಮೆಟ್ಟಿಲಿನ ಸ್ಟೂಲು ಹಾಕಿಕೊಂಡು ಅಳೆದಳು, ಬರೆದುಕೊಂಡಳು. ತೊಂದರೆ ಇಲ್ಲ.

ಆಮೇಲೆ ದೊಡ್ಡ ಮಲಗುವ ಕೋಣೆಯ ಮಂಚ.

ಟೇಲರಮ್ಮನ ಟೇಪು ಎಲ್ಲ ಟೇಪಿನ ಹಾಗೆ ಅರವತ್ತು ಇಂಚಿನದು. ದೊಡ್ಡವರ ಮಂಚ ಎಂದರೆ ಎಪ್ಪತ್ತೆಂಟು ಇಂಚು. ಅಂದರೆ ಒಂದು ಟೇಪು ಪೂರ್ತಿ ಎಳೆದು, ಅಲ್ಲಿ ಹೆಬ್ಬೆರಳು ಒತ್ತಿ, ಅಲ್ಲಿಂದ ಹದಿನೆಂಟು. ಇದು ನಲವತ್ತೆರಡು ವರ್ಷದಿಂದ ಹೀಗೆಯೇ ಇತ್ತು. ಇವತ್ತು ಒಂದು ಟೇಪು ಎಳೆದು ಹೆಬ್ಬೆರಳು ಒತ್ತಿದರೆ ಮುಂದೆ ಉಳಿದದ್ದು ಮೂರೇ ಇಂಚು.

ಅವಳು ಹೆಬ್ಬೆರಳು ತೆಗೆದು ಒರೆಸಿಕೊಂಡು ಮತ್ತೆ ಅಳೆದಳು. ಒಂದು ಟೇಪು, ಮೂರು ಇಂಚು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಈ ಸಲ ಕಾಲಿನ ಕಡೆಯಿಂದ ತಲೆಯ ಕಡೆಗೆ ಅಳೆದಳು. ಒಂದು ಟೇಪು, ಮೂರು ಇಂಚು.

ಅರವತ್ತಮೂರು ಇಂಚಿನ ಮಂಚದಲ್ಲಿ ಯಾವ ದೊಡ್ಡ ಮನುಷ್ಯ ಮಲಗುತ್ತಾನೆ? ಸೋಫಾದ ಕಡೆ ಹೋದಳು. ಸೀಟಿನ ಅಗಲ ಹದಿನೆಂಟು ಇರಬೇಕು, ಹದಿನಾಲ್ಕೂವರೆ ಇದೆ. ಊಟದ ಕುರ್ಚಿ, ಅದೂ ಹಾಗೆಯೇ. ದಿಂಬು, ಕುಶನ್ನು, ಕಾಲೊರಸು, ಯಾವುದನ್ನು ಹಿಡಿದರೂ ಐದರಲ್ಲಿ ಒಂದು ಪಾಲು ಕಾಣೆ. ಟೇಪು ಹಿಗ್ಗಿದೆಯೇ ಎಂದು ಅಳತೆ ಪುಸ್ತಕದ ಅಂಚಿಗೆ ಹಿಡಿದು ನೋಡಿದಳು. ಪುಸ್ತಕ ಎಂದಿನ ಹಾಗೆ ಎಂಟೂವರೆ. ಟೇಪಿನದು ಏನೂ ತಪ್ಪಿಲ್ಲ.

ಹಾಗಾದರೆ ತಪ್ಪು ಎಲ್ಲಿ? ಒಂದೋ ಈ ಅರಮನೆಯ ಸಾಮಾನೆಲ್ಲ ತಪ್ಪು, ಇಲ್ಲವೋ ತನ್ನ ಕಣ್ಣು ತಪ್ಪು. ಇಷ್ಟು ದೊಡ್ಡ ಕಂಪನಿ, ಇಷ್ಟು ಓದಿದ ಜನ, ಇಟಲಿಯಿಂದ ಬಂದ ಕಲ್ಲು. ಅವರು ಒಂದು ಮಂಚದ ಅಳತೆ ತಪ್ಪುತ್ತಾರೆಯೇ? ಟೇಲರಮ್ಮ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತು, ಬಹಳ ನ್ಯಾಯವಾಗಿ, ತಾನೇ ತನ್ನ ವಿರುದ್ಧ ತೀರ್ಪು ಕೊಟ್ಟುಕೊಂಡಳು. ಕಣ್ಣು ಹೋಗಿದೆ. ಮೇಷ್ಟರ ಪ್ಯಾಂಟಿನಲ್ಲಿ ಎರಡು ಬೆರಳು ನುಂಗಿದ ಕಣ್ಣು ಇವತ್ತು ಮಂಚದಲ್ಲಿ ಒಂದೂಕಾಲು ಅಡಿ ನುಂಗಿದೆ. ರೋಗ ಬೆಳೆಯುತ್ತಿದೆ.

ಕಿಟಕಿ ಸರಿಯಾಗಿ ಬಂತಲ್ಲ ಎಂಬ ಒಂದು ಸಂಶಯ ಬಂದದ್ದು ನಿಜ. ಅದಕ್ಕೂ ಅವಳೇ ಉತ್ತರ ಹುಡುಕಿದಳು. ಅವಳದು ಎರಡು ಭಾಗದ ಕನ್ನಡಕ. ಮೇಲಿನ ಭಾಗದಲ್ಲಿ ದೂರದ್ದು, ಕೆಳಗಿನ ಭಾಗದಲ್ಲಿ ಹತ್ತಿರದ್ದು. ಕಿಟಕಿಯನ್ನು ಮೇಲೆ ನೋಡಿ ಅಳೆದದ್ದು, ಮಂಚವನ್ನು ಕೆಳಗೆ ನೋಡಿ ಅಳೆದದ್ದು. ಅಂದರೆ ಕಣ್ಣಿನ ಮಹಡಿ ಗಟ್ಟಿಯಾಗಿದೆ, ನೆಲಮನೆ ಕುಸಿದಿದೆ. (ಇಷ್ಟು ಸೂಕ್ಷ್ಮವಾಗಿ ತರ್ಕ ಮಾಡುವ ತಲೆ ಇಷ್ಟು ದೊಡ್ಡ ತಪ್ಪು ಹೇಗೆ ಮಾಡೀತು ಎಂದು ಕೇಳಬೇಡಿ. ಇಷ್ಟು ಸೂಕ್ಷ್ಮವಾದದ್ದರಿಂದಲೇ ಮಾಡಿತು.)

ಗೇಣು ಹಾಕಿ ನೋಡೋಣ ಎಂದು ಅವಳು ಮಂಚದ ಮೇಲೆ ಕೈ ಚಾಚಿದಳು. ಕಣ್ಣು ಸುಳ್ಳು ಹೇಳಿದರೂ ಕೈ ಹೇಳುವುದಿಲ್ಲ. ಅಷ್ಟರಲ್ಲಿ ಟಕಟಕ ಎಂದು ಅಲಂಕಾರದ ಮೇಡಂ ಬಂದಳು. ಗಂಡಸರ ಹಾಗೆ ಕತ್ತರಿಸಿದ ಕೂದಲು, ಕಿವಿಗೆ ಅಂಟಿದ ಫೋನು.

"ಏನಜ್ಜಿ, ಮಂಚ ಸವರ್ತಾ ಇದ್ದೀರಾ?"

"ಇಲ್ಲಮ್ಮ, ಧೂಳಿತ್ತು."

"ಅಳತೆ ಆಯ್ತಾ?"

ಅರಮನೆಯಲ್ಲಿ ಗೇಣು ಹಾಕಿದರೆ ಅಳಿಯನ ಮರ್ಯಾದೆ ಏನಾದೀತು? ಅಳತೆ ಗೊತ್ತಾಗುತ್ತಿಲ್ಲ ಎಂದರೆ ಸಂಜೆಯೊಳಗೆ ಮಗಳ ಕಿವಿಗೆ ಮುಟ್ಟುತ್ತದೆ, ಮಿಷನ್ನು ರಾತ್ರಿಯೊಳಗೆ ಅಟ್ಟ ಮುಟ್ಟುತ್ತದೆ.

"ಆಯ್ತಮ್ಮ," ಎಂದಳು ಟೇಲರಮ್ಮ.

ಮೇಡಂ ಹೋದ ಮೇಲೆ ಪುಸ್ತಕ ತೆರೆದು, ನಲವತ್ತೆರಡು ವರ್ಷದಲ್ಲಿ ಮೊದಲ ಸಲ, ಟೇಪು ಹೇಳದೆ ಇದ್ದದ್ದನ್ನು ಬರೆದಳು. ಮಂಚ ಎಪ್ಪತ್ತೆಂಟು. ಸೋಫಾ ಹದಿನೆಂಟು. ದಿಂಬು ಇಪ್ಪತ್ತೇಳು. ಎಲ್ಲ ಬಾಯಿಪಾಠವಾಗಿ ಬರುವ, ದೇಶಕ್ಕೆಲ್ಲ ಒಪ್ಪಿತವಾದ ಅಳತೆ. ಕಣ್ಣು ಹೋದರೇನು, ತಲೆ ಇದೆಯಲ್ಲ ಎಂದು ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಬಾಟಲಿಯ ಉಳಿದ ನೀರು ಕುಡಿದಳು.

ಐದು ದಿನ ಮಿಷನ್ನು ಬಿಡುವಿಲ್ಲದೆ ಓಡಿತು. ಪರದೆಗಳನ್ನು ಬಿಟ್ಟು ಒಟ್ಟು ಮೂವತ್ತೊಂದು ಹೊದಿಕೆ. ಬಣ್ಣ ಕೆನೆಯದು, ಬಟ್ಟೆ ಮುಟ್ಟಿದರೆ ಜಾರುವಂಥದ್ದು. ಮಗಳು ಹೋಗುತ್ತಾ ಬರುತ್ತಾ ನಿಂತು ನೋಡುತ್ತಿದ್ದಳು. ಹೊಲಿಗೆಯಲ್ಲಿ ಸೊಟ್ಟ ಹುಡುಕಿದಳು, ಸಿಗಲಿಲ್ಲ. ಶನಿವಾರ ಸಂಜೆ ಒಂದು ದಿಂಬಿನ ಕವರನ್ನು ಕೈಯಲ್ಲಿ ಹಿಡಿದು, "ಚೆನ್ನಾಗೇನೋ ಇದೆ," ಎಂದಳು. ಮಗಳ ಬಾಯಲ್ಲಿ ಇದು ಪದಕವಿದ್ದ ಹಾಗೆ. ಟೇಲರಮ್ಮ ಅಂದು ಎರಡು ತುತ್ತು ಹೆಚ್ಚಿಗೆ ಊಟ ಮಾಡಿದಳು.

ಭಾನುವಾರ ಬೆಳಿಗ್ಗೆ ಗಂಟು ಹೊತ್ತು ಮೂವರೂ ಹೋದರು. ಅಳಿಯ ಗೇಟಿನಲ್ಲಿ ಯಜಮಾನರನ್ನೂ ಗಿರಾಕಿಗಳನ್ನೂ ಎದುರುಗೊಳ್ಳಲು ನಿಂತ. ಮಗಳು ಕೆಳಗೆ ಪರದೆ ಏರಿಸತೊಡಗಿದಳು. ಪರದೆಗಳು ನೆಲಕ್ಕೆ ಒಂದು ಬೆರಳು ಮೇಲೆ ಬಂದು ನಿಂತವು, ಹೇಳಿ ಮಾಡಿಸಿದ ಹಾಗೆ. ಟೇಲರಮ್ಮ ಮಹಡಿಗೆ ಹೋಗಿ ಮಂಚದ ಮೇಲೆ ಹೊದಿಕೆ ಹಾಸಿದಳು.

ಹೊದಿಕೆ ಮಂಚದ ಮೇಲೆ ಬಿದ್ದು, ಕೆಳಗಿಳಿದು, ನೆಲದ ಮೇಲೆ ಹರಡಿ, ಇನ್ನೂ ಮುಂದೆ ಹೋಗುವ ಹಾಗೆ ಕಂಡಿತು. ದಿಂಬನ್ನು ಕವರಿಗೆ ಹಾಕಿದರೆ ದಿಂಬು ಮೂಲೆ ಸೇರಿ ಮಲಗಿತು, ಉಳಿದದ್ದು ಖಾಲಿ ಚೀಲ. ಸೋಫಾದ ಕುಶನ್ನುಗಳು ಅಣ್ಣನ ಅಂಗಿ ತೊಟ್ಟ ತಮ್ಮಂದಿರ ಹಾಗೆ ಸಾಲಾಗಿ ಕೂತವು. ಟೇಲರಮ್ಮ ಮಡಿಸಿದಳು, ಸಿಕ್ಕಿಸಿದಳು, ಗುಂಡುಸೂಜಿ ಚುಚ್ಚಿದಳು. ಅಳೆಯುವಾಗ ಕಡಿಮೆ ಕಂಡ ಕಣ್ಣು ಕತ್ತರಿಸುವಾಗ ಹೆಚ್ಚು ಕಂಡಿತೇ? ಒಂದೇ ಕಣ್ಣು ಎರಡೂ ಕಡೆ ಮೋಸ ಮಾಡಿದರೆ ಮನುಷ್ಯ ಯಾರನ್ನು ನಂಬಬೇಕು?

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು. ಮೊದಲು ಅಲಂಕಾರದ ಮೇಡಂ, ಹಿಂದೆ ಕಂಪನಿಯ ಯಜಮಾನರು, ಅವರ ಹಿಂದೆ ಆ ದಿನದ ಮೊದಲ ಗಿರಾಕಿ ದಂಪತಿ. ಗಂಡ ಹಡಗಿನ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು (ಮೆಟ್ಟಿಲು ಹತ್ತುವಾಗಲೇ ಯಜಮಾನರು ಇದನ್ನು ಎರಡು ಸಲ ಗಟ್ಟಿಯಾಗಿ ಹೊಗಳಿದ್ದರು), ಬಾಗಿಲಿನ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗುವ ಎತ್ತರ. ಹೆಂಡತಿ ಅವರ ಮೊಳಕೈವರೆಗೆ ಬರುವಾಕೆ, ಕಣ್ಣು ಮಾತ್ರ ಬಹಳ ಚುರುಕು. ಕೊನೆಯಲ್ಲಿ ಅಳಿಯ, ಮಗಳು.

ಮಂಚದ ಮೇಲಿದ್ದ ಒಂದು ದಿಂಬು ತಾನಾಗಿಯೇ ತನ್ನ ಕವರಿನೊಳಗೆ ಇನ್ನಷ್ಟು ಕೆಳಗೆ ಜಾರಿತು.

"ಏನಜ್ಜಿ ಇದು?" ಎಂದಳು ಮೇಡಂ, ಹಲ್ಲು ಕಚ್ಚಿ, ನಗುಮುಖ ಕೆಡಿಸದೆ. "ಅಳತೆ ತಗೊಂಡಿದ್ದೀನಿ ಅಂದ್ರಲ್ಲ. ಕಣ್ಣು ಕಾಣಲ್ವಾ ನಿಮಗೆ?"

"ನಾನು ಹೇಳಿದ್ದೆ," ಎಂದಳು ಮಗಳು, ಗಂಡನ ಕಡೆ ನೋಡಿ, ಮೆಲ್ಲಗೆ. ಮೆಲ್ಲಗೆ ಹೇಳಿದ್ದೇ ಟೇಲರಮ್ಮನಿಗೆ ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ದನಿಯಲ್ಲಿ ಕರುಣೆ ಇತ್ತು. ಅವಳ ಕಣ್ಣ ಮುಂದೆ ಮಿಷನ್ನು ಒಂದೊಂದೇ ಮೆಟ್ಟಿಲು ಏಣಿ ಹತ್ತುವುದು ಕಾಣಿಸಿತು. ಕಣ್ಣು ಕಾಣದವಳಿಗೆ ಇದು ಮಾತ್ರ ಬಹಳ ಸ್ಪಷ್ಟವಾಗಿ ಕಂಡಿತು.

ಕೊರಳಿನ ಟೇಪು ಎಳೆದು ಅವಳು ಮಂಚದ ತಲೆಯ ಕಡೆ ಒಂದು ತುದಿ ಒತ್ತಿದಳು.

"ಅತ್ತೆ, ಬೇಡ," ಎಂದ ಅಳಿಯ. ಅವನ ಮುಖ ಹೊದಿಕೆಯ ಬಣ್ಣಕ್ಕೆ ಬಂದಿತ್ತು.

"ಯಾಕೆ ಬೇಡ ಅಳಿಯಂದ್ರೇ? ನನ್ನ ಕಣ್ಣು ಹೋಗಿದೆಯೋ ಇಲ್ವೋ ನನಗೆ ಇವತ್ತು ತಿಳೀಬೇಕು. ಸ್ವಾಮಿ, ನೀವು ಸಮುದ್ರ ಅಳೆದವರು. ಇದನ್ನ ಸ್ವಲ್ಪ ಓದಿ ಹೇಳಿ."

ಕ್ಯಾಪ್ಟನ್ನರು ಬಗ್ಗಿ, ಅವಳ ಹೆಬ್ಬೆರಳಿನಿಂದ ಮುಂದಕ್ಕೆ ನೋಡಿದರು. "ಅರವತ್ತು, ಮೇಲೆ ಮೂರು. ಅರವತ್ತಮೂರು ಇಂಚು."

"ಎಪ್ಪತ್ತೆಂಟು ಅಲ್ವಾ?"

"ಅರವತ್ತಮೂರು ತಾಯಿ."

"ಸರಿಯಾಗಿ ನೋಡಿ ಹೇಳಿ."

"ನಾನೇ ಎಪ್ಪತ್ತಾರು ಇಂಚು ಇದ್ದೀನಿ," ಎನ್ನುತ್ತಾ ಕ್ಯಾಪ್ಟನ್ನರು, ಯಾರಾದರೂ ತಡೆಯುವುದಕ್ಕೆ ಮುಂಚೆ, ಬೂಟು ಬಿಚ್ಚಿ ಮಂಚದ ಮೇಲೆ ಉದ್ದಕ್ಕೂ ಮಲಗಿಬಿಟ್ಟರು. ಮಂಚ ಅವರ ಮೀನಖಂಡದ ಹತ್ತಿರ ಮುಗಿಯಿತು. ಎರಡು ಪಾದಗಳು ಮುಂದೆ ಗಾಳಿಯಲ್ಲಿ ನಿಂತವು. ಒಂದು ಕಾಲ್ಚೀಲದಲ್ಲಿ ತೂತಿತ್ತು.

ಕ್ಯಾಪ್ಟನ್ನರ ಹೆಂಡತಿ ಟೇಲರಮ್ಮನ ಕೈಯಿಂದ ಟೇಪನ್ನು ಮೆಲ್ಲಗೆ ತೆಗೆದುಕೊಂಡರು. ಆಮೇಲಿನ ಕಾಲು ಗಂಟೆ ಆಕೆ ಆ ಮನೆಯಲ್ಲಿ ಅಳೆಯದೆ ಬಿಟ್ಟದ್ದು ಯಜಮಾನರನ್ನು ಮಾತ್ರ. ಟೇಲರಮ್ಮ ಹಿಂದೆ ಹಿಂದೆ ನಡೆಯುತ್ತಾ ಇರಬೇಕಾದ ಅಳತೆ ಹೇಳುತ್ತಿದ್ದಳು, ಆಕೆ ಇರುವ ಅಳತೆ ಹೇಳುತ್ತಿದ್ದರು. ಹದಿನೆಂಟು, ಹದಿನಾಲ್ಕೂವರೆ. ಮೂವತ್ತು, ಇಪ್ಪತ್ತನಾಲ್ಕು. ದೇವಸಭೆಯಲ್ಲಿ ಪಾಪಪುಣ್ಯದ ಲೆಕ್ಕ ಓದಿದ ಹಾಗಿತ್ತು. ಒಂದೊಂದು ಅಂಕಿ ಬಿದ್ದ ಹಾಗೂ ಟೇಲರಮ್ಮನ ಬೆನ್ನು ನೆಟ್ಟಗಾಗುತ್ತಿತ್ತು, ಅಳಿಯನದು ಬಗ್ಗುತ್ತಿತ್ತು.

ನಿಜ ಸಂಗತಿ ಆಗ ಹೊರಬಿತ್ತು. ಮಾದರಿ ಮನೆಯ ಸಾಮಾನನ್ನೆಲ್ಲ ಐದರಲ್ಲಿ ಒಂದು ಪಾಲು ಚಿಕ್ಕದಾಗಿ ಬೇಕೆಂದೇ ಮಾಡಿಸಿದ್ದರು. ಮಂಚ ಚಿಕ್ಕದಾದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಬಾಗಿಲು ತೆಗೆದುಬಿಟ್ಟರೆ ಇನ್ನೂ ದೊಡ್ಡದು. ಈ ಗುಟ್ಟನ್ನು ಮನೆಯಲ್ಲಿಯೂ ಹೇಳಬಾರದು ಎಂದು ಕಂಪನಿ ಕೆಲಸದವರ ಬಾಯಿ ಕಟ್ಟಿತ್ತು. ಕಡಿಮೆ ಮಾತಿನ ಅಳಿಯನಿಗೆ ಅದು ಕಷ್ಟವೂ ಆಗಿರಲಿಲ್ಲ. ಟೇಪು ಹೇಳಿದ್ದನ್ನು ಅತ್ತೆ ಬರೆದುಕೊಂಡರೆ ಸಾಕು, ಗುಟ್ಟೂ ಉಳಿಯುತ್ತದೆ, ಕೆಲಸವೂ ಆಗುತ್ತದೆ ಎಂದು ಅವನು ನಂಬಿದ್ದ. ಟೇಪಿನ ಮಾತು ಮೀರುವವಳಲ್ಲ ಅತ್ತೆ ಎಂದು ಲೋಕಕ್ಕೇ ಗೊತ್ತಿತ್ತು.

ಅಂತೂ ಅಳಿಯನ ಕೆಲಸ ಹೋಗಲಿಲ್ಲ. ಕ್ಯಾಪ್ಟನ್ನರು ಹೊಟ್ಟೆ ಹಿಡಿದುಕೊಂಡು ನಕ್ಕು, "ಪಕ್ಕದಲ್ಲಿ ಸಾಮಾನು ಇಲ್ಲದ ಖಾಲಿ ಮನೆ ಇದೆಯಲ್ಲ, ಅದನ್ನ ತೋರ್ಸಿ. ಖಾಲಿ ಮನೆ ಸುಳ್ಳು ಹೇಳಲ್ಲ," ಎಂದರು. ಸಂಜೆಯೊಳಗೆ ಅದನ್ನೇ ಒಪ್ಪಿಕೊಂಡೂ ಹೋದರು. ಯಜಮಾನರಿಗೆ ಬೈಯಬೇಕೋ ಹೊಗಳಬೇಕೋ ತಿಳಿಯಲಿಲ್ಲ. ಕೊನೆಗೆ, ಮಾದರಿ ಮನೆಯನ್ನು ಹದಿನೈದು ದಿನ ಮುಚ್ಚಿ, ಅಷ್ಟರೊಳಗೆ ಮೂವತ್ತೊಂದು ಹೊದಿಕೆಯನ್ನೂ ಚಿಕ್ಕದು ಮಾಡಿಕೊಡಬೇಕು, ಆಮೇಲೆ ಆ ಅಜ್ಜಿ ಗೇಟಿನ ಒಳಗೆ ಕಾಣಿಸಬಾರದು ಎಂದು ಹೇಳಿಕಳಿಸಿದರು.

ಟೇಲರಮ್ಮ ಮನೆಗೆ ಬಂದದ್ದು ಯುದ್ಧ ಗೆದ್ದ ಮಹಾರಾಣಿಯ ಹಾಗೆ. ಸ್ಕೂಟರು ಸಾಲದೆ ಆಟೋದಲ್ಲಿ, ಗಂಟಿನ ಮೇಲೆ ಕೂತು.

"ಕೇಳಿದೆಯೇನೇ? ಅರವತ್ತಮೂರು. ನಾನು ಮೊದಲನೇ ದಿನವೇ ಕಂಡಿದ್ದೆ. ಮೂರು ಸಲ ಕಂಡಿದ್ದೆ. ಈಗ ಹೇಳು, ನನ್ನ ಕಣ್ಣಿಗೆ ಏನಾಗಿದೆ?"

ಮಗಳು ಹೊದಿಕೆಗಳನ್ನು ಮಡಿಸುತ್ತಾ ಇದ್ದವಳು ಕೈ ನಿಲ್ಲಿಸಿದಳು. "ಕಣ್ಣಿಗೆ ಏನೂ ಆಗಿಲ್ಲ ಅಮ್ಮ. ಒಪ್ಪಿದೆ. ಕಣ್ಣು ಅರವತ್ತಮೂರು ಅಂತ ಕಂಡಿತ್ತು. ಆದ್ರೆ ಪುಸ್ತಕದಲ್ಲಿ ಎಪ್ಪತ್ತೆಂಟು ಅಂತ ಬರೆದದ್ದು ಯಾರು?"

ಟೇಲರಮ್ಮ ಅಳತೆ ಪುಸ್ತಕವನ್ನು ಮೆಲ್ಲಗೆ ಸೆರಗಿನ ಕೆಳಗೆ ಸರಿಸಿದಳು.

"ಕಣ್ಣು ಕಾಣದೆ ತಪ್ಪು ಹೊಲಿದ್ರೆ ವಯಸ್ಸಾಯ್ತು ಅನ್ನಬಹುದು. ಕಣ್ಣು ಕಂಡೂ ತಪ್ಪು ಬರೆದ್ರೆ ಅದಕ್ಕೆ ಏನನ್ನಬೇಕು? ಒಂದು ನೂಲು ತಪ್ಪಲ್ಲ ಅಂದಿದ್ದೆ. ಹದಿನೈದು ಇಂಚು, ತಿಳಿದೂ ತಿಳಿದೂ."

"ಅದು ಹಾಗಲ್ಲ ಕಣೇ, ನಾನು ಅಂದ್ಕೊಂಡೆ…"

"ಟೇಲರ್ ಅಂದ್ಕೊಳ್ಳಬಾರದು, ಅಳೀಬೇಕು ಅಂತ ನನಗೆ ಹೇಳಿಕೊಟ್ಟದ್ದು ನೀನೇ."

ಅಳಿಯ ಮಾತಿಗೆ ಬಂದ. "ಹೋಗ್ಲಿ ಬಿಡೇ. ಅತ್ತೆಯಿಂದ ಒಂದು ಮನೆ ಮಾರಿಹೋಯ್ತು."

"ನೀವು ಸುಮ್ನಿರಿ. ಮನೇಲಿ ಹೇಳಬಾರದ ಗುಟ್ಟು ಇಟ್ಟುಕೊಂಡವರು ನೀವು. ನಿಮ್ಮ ಕೇಸು ಆಮೇಲೆ."

ತೀರ್ಪು ಬಂತು: ಮಾತು ಮಾತೇ. ಮೂವತ್ತೊಂದು ಹೊದಿಕೆಯ ರಿಪೇರಿ ಮುಗಿದ ದಿನ ಮಿಷನ್ನು ಅಟ್ಟಕ್ಕೆ.

ಟೇಲರಮ್ಮ ರಾತ್ರಿಯೆಲ್ಲ ಹೊರಳಾಡಿ ಎದ್ದಾಗ ಒಂದು ತೀರ್ಮಾನಕ್ಕೆ ಬಂದಿದ್ದಳು. ಹದಿನೈದು ದಿನ ಇದೆ. ದಿನಕ್ಕೆ ಎರಡೇ ಹೊದಿಕೆ. ಬೇಕಾದರೆ ಇನ್ನೊಂದು ವಾರ ಕೇಳಿದರಾಯಿತು, ಮುದುಕಿಯನ್ನು ಯಾರು ಅವಸರ ಮಾಡುತ್ತಾರೆ? ನಿಧಾನ, ನಿಧಾನ ಎಂದು ತನಗೇ ಹೇಳಿಕೊಂಡು ಮಿಷನ್ನಿನ ಮುಂದೆ ಕೂತಳು. ಆದರೆ ನಲವತ್ತೆರಡು ವರ್ಷ 'ನಾಳೆ ಬೆಳಿಗ್ಗೆ ಬೇಕು' ಎನ್ನುವವರಿಗೆ ಹೊಲಿದುಕೊಟ್ಟ ಕಾಲು ಅದು. ಪೆಡಲಿನ ಮೇಲಿಟ್ಟರೆ ನಿಧಾನ ಎಂಬ ಮಾತೇ ಅದಕ್ಕೆ ಅರ್ಥವಾಗಲಿಲ್ಲ. ಮೊದಲ ದಿನ ಎರಡು ಎಂದುಕೊಂಡು ಎಂಟು ಮುಗಿಸಿದಳು. ಎರಡನೆಯ ದಿನ ಕಾಲನ್ನು ಬೈದು ಕೂತು ಒಂಬತ್ತು ಮುಗಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಕತ್ತರಿಗಾಗಿ ಕೈ ಚಾಚಿದರೆ ಪಕ್ಕದಲ್ಲಿ ಬಟ್ಟೆಯೇ ಇರಲಿಲ್ಲ. ಮೂವತ್ತೊಂದೂ ಎದುರಿಗೆ ಮಡಿಸಿ ಕೂತಿದ್ದವು, ಒಂದರ ಅಂಚಿಗೆ ಒಂದರ ಅಂಚು ಸೇರಿ, ಇಟ್ಟಿಗೆ ಪೇರಿಸಿದ ಹಾಗೆ.

ಅವಳು ಸ್ವಲ್ಪ ಹೊತ್ತು ಅವುಗಳನ್ನು ನೋಡಿದಳು. ಬಾಗಿಲ ಕಡೆ ನೋಡಿದಳು. ಮೇಲಿನ ದಿಂಬಿನ ಕವರನ್ನು ತೊಡೆಯ ಮೇಲೆ ಎಳೆದುಕೊಂಡು, ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಲು ಹೊರಟಳು.

"ಅಮ್ಮ, ಅದು ಮುಗಿದಿದ್ದಲ್ವಾ?"

ಅರ್ಧ ದಿನ ರಜೆ ಎಂದು ಮಗಳು ಬೆಳಿಗ್ಗೆ ಹೇಳಿದ್ದು ಟೇಲರಮ್ಮನಿಗೆ ಈಗ ನೆನಪಾಯಿತು.

"ಇಲ್ಲ ಕಣೇ, ಸರಿ ಬರ್ಲಿಲ್ಲ. ಈ ಕಣ್ಣು ನೋಡು, ಏನೂ ಕಾಣಲ್ಲ. ಹೊಲಿಗೆ ಎಲ್ಲ ಸೊಟ್ಟ ಹೋಗಿದೆ."

ಮಗಳು ಬಂದು ಎದುರಿಗೆ ಕೂತಳು. ಕವರನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಗೆರೆ ಎಳೆದ ಹಾಗೆ ನೇರವಾಗಿದ್ದ ಹೊಲಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹೌದು," ಎಂದಳು. "ಪೂರ್ತಿ ಸೊಟ್ಟ ಇದೆ."

"ಸೊಟ್ಟ?" ಟೇಲರಮ್ಮನ ಕೈ ಕತ್ತರಿಯ ಮೇಲೆ ನಿಂತಿತು. "ಎಲ್ಲಿ ಸೊಟ್ಟ?"

"ಇಲ್ಲೇ. ನಡುವೆ."

"ತೋರ್ಸು. ಎಲ್ಲಿದೆ ತೋರ್ಸು. ನಿನ್ನ ಕಣ್ಣಿಗೆ ಏನಾಗಿದೆ? ದಾರ ಹಿಡಿದು ನೋಡ್ತೀಯಾ? ಟೇಪಿಟ್ಟು ನೋಡ್ತೀಯಾ? ಮೂವತ್ತೊಂದರಲ್ಲಿ ಒಂದಾದರೂ ಸೊಟ್ಟ ಇದ್ರೆ ನಾನು ಈ ಕತ್ತರಿ ಮುಟ್ಟಲ್ಲ ಇನ್ನು."

"ಹಾಗಾದ್ರೆ ಮೂವತ್ತೊಂದೂ ಮುಗಿದಿದೆ. ಎಲ್ಲವೂ ನೇರ ಇದೆ."

"ನೇರ ಇಲ್ದೆ ಮತ್ತೇನು?"

"ಸರಿ. ಏಣಿ ತರ್ತೀನಿ," ಎಂದು ಮಗಳು ಎದ್ದಳು.

ಅವಳು ಹಿತ್ತಲ ಬಾಗಿಲವರೆಗೆ ಹೋದಳು. ಟೇಲರಮ್ಮ ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಚಿಲಕ ತೆಗೆದ ಸದ್ದು ಕೇಳಿತು.

"ತಡಿಯೇ," ಎಂದಳು.

"ಏನು?"

"ಒಂದು ಕಡೆ… ಸ್ವಲ್ಪ ಸೊಟ್ಟ ಇದ್ರೂ ಇರಬಹುದು."

"ಎಷ್ಟು?"

ಟೇಲರಮ್ಮನಿಗೆ ಈ ಮಾತು ಹೇಳುವಷ್ಟು ಕಷ್ಟ ಹೆರಿಗೆಯಲ್ಲೂ ಆಗಿರಲಿಲ್ಲ. "ಒಂದು ನೂಲಿನಷ್ಟು."

ಮಗಳು ಚಿಲಕ ಹಾಕಿದಳು. ಕೌಂಟರಿನಲ್ಲಿ ಕೂತವಳ ಮುಖ ಮಾಡಿಕೊಂಡು ಹೇಳಿದಳು, "ಒಂದು ನೂಲಾದ್ರೂ ಸೊಟ್ಟ ಸೊಟ್ಟವೇ. ಕಂಪನಿಗೆ ಹಾಗೆ ಕೊಡೋಕಾಗಲ್ಲ. ಮೂವತ್ತೊಂದೂ ಬಿಚ್ಚಿ ಮತ್ತೆ ಹೊಲಿ. ಆಮೇಲೆ ನಾನು ನೋಡ್ತೀನಿ. ನನಗೂ ಕಣ್ಣು ಅಷ್ಟಕ್ಕಷ್ಟೆ, ನಿಧಾನ ಆಗತ್ತೆ." ಅಡಿಗೆಮನೆಗೆ ಹೋಗಿಬಿಟ್ಟಳು. ಒಳಗಿನಿಂದ ಪಾತ್ರೆಯ ಸದ್ದಿನ ನಡುವೆ ನಗು ತಡೆದುಕೊಂಡ ಹಾಗೆ ಏನೋ ಕೇಳಿಸಿತು.

ಟೇಲರಮ್ಮ ಮತ್ತೆ ಕವರನ್ನು ತೊಡೆಯ ಮೇಲೆ ಹರಡಿಕೊಂಡಳು. ಕತ್ತರಿಯ ತುದಿ ಹೊಲಿಗೆಯೊಳಗೆ ಹೋಗಲಿಲ್ಲ. ಸೂಜಿ ಹಾಕಿ ಮೀಟಿದಳು, ಮಿಸುಕಲಿಲ್ಲ. ಉಗುರು ಹಾಕಿದಳು, ಉಗುರು ಮುರಿಯಿತು. ಎರಡೆರಡು ಸಾಲು ಹೊಲಿಗೆ, ತುದಿಯಲ್ಲಿ ಮೂರು ಗಂಟು. ಬಟ್ಟೆ ಹರಿದರೂ ಬಿಚ್ಚದ ಹಾಗೆ ಇಷ್ಟು ಗಟ್ಟಿಯಾಗಿ ಹೊಲಿದವಳು ಯಾವ ಮನೆಹಾಳಿಯೋ ಎಂದು ಗೊಣಗಿಕೊಳ್ಳುತ್ತಾ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಅವಳು ಮೊದಲನೆಯ ಎಳೆಯನ್ನು ಹುಡುಕತೊಡಗಿದಳು.